ಎರಡು ಸೈನ್ಯಗಳ ನಡುವೆ ಒಬ್ಬ ಸೇನಾನಿ: ಜನರಲ್ ಶಾ ನವಾಜ್ ಖಾನ್

ಎರಡನೇ ಮಹಾಯುದ್ಧ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಿಟ್ಲರ್, ಚರ್ಚಿಲ್, ಹಿರೋಶಿಮಾ. ಆದರೆ ಅದೇ ಯುದ್ಧದ ಒಂದು ದೊಡ್ಡ ಅಧ್ಯಾಯ ನಮ್ಮ ಮನೆಬಾಗಿಲಲ್ಲೇ ನಡೆಯಿತು. ಮಲಯಾ, ಸಿಂಗಾಪುರ, ಬರ್ಮಾ ಮತ್ತು ಮಣಿಪುರಗಳಲ್ಲಿ 1941ರಿಂದ 1945ರವರೆಗೆ ಬ್ರಿಟಿಷ್ ಮತ್ತು ಜಪಾನಿ ಸೇನೆಗಳು ಪರಸ್ಪರ ಕಾದಾಡಿದವು. ಈ ಎರಡು ಸಾಮ್ರಾಜ್ಯಗಳ ಜಗಳದಲ್ಲಿ ಸಾವಿರಾರು ಭಾರತೀಯ ಸೈನಿಕರು ಸಿಕ್ಕಿಕೊಂಡರು. ಯಾರ ಪರವಾಗಿ ಬಂದೂಕು ಹಿಡಿಯಬೇಕು, ಯಾರಿಗೆ ಕೊಟ್ಟ ಮಾತನ್ನು ಉಳಿಸಬೇಕು ಎಂಬ ಪ್ರಶ್ನೆಗೆ ಅವರು ಉತ್ತರ ಹುಡುಕಬೇಕಾಯಿತು. ಹಾಗೆ ಹುಡುಕಿದವರಲ್ಲಿ ಪ್ರಮುಖರು ಆಜಾದ್ ಹಿಂದ್ ಫೌಜಿನ ಸೇನಾನಿ ಜನರಲ್ ಶಾ ನವಾಜ್ ಖಾನ್. ಅವರ ಜೀವನ ನಮ್ಮ ವಿದ್ಯಾರ್ಥಿಗಳು ಅಗತ್ಯವಾಗಿ ತಿಳಿದಿರಬೇಕಾದ ಜೀವನ.

ಸೈನಿಕರ ಮನೆತನ

ಶಾ ನವಾಜ್ ಖಾನ್ ಅವರು 1914ರ ಜನವರಿ 24ರಂದು ಅವಿಭಜಿತ ಪಂಜಾಬಿನ ರಾವಲ್ಪಿಂಡಿ ಜಿಲ್ಲೆಯ ಮಟೋರ್ ಗ್ರಾಮದಲ್ಲಿ ಜನಿಸಿದರು. ಅವರದು ಜಂಜುವಾ ರಜಪೂತ ಮುಸ್ಲಿಂ ಮನೆತನ. ತಂದೆ ಟಿಕ್ಕಾ ಖಾನ್ ಸೈನ್ಯದಲ್ಲಿದ್ದವರು. ಚಿಕ್ಕಪ್ಪ, ದೊಡ್ಡಪ್ಪಂದಿರು, ಅಣ್ಣತಮ್ಮಂದಿರು, ಹೀಗೆ ಮನೆಯ ಗಂಡಸರೆಲ್ಲ ಬ್ರಿಟಿಷ್ ಭಾರತದ ಸೈನ್ಯದಲ್ಲಿ ಸೇವೆ ಸಲ್ಲಿಸುವುದು ಅಲ್ಲಿಯ ರೂಢಿಯಾಗಿತ್ತು. ಸೇರಿದ ಪಲ್ಟಣಕ್ಕೆ ನಿಷ್ಠರಾಗಿರುವುದೇ ಆ ಮನೆತನದ ಮಾನ, ಅದೇ ಅದರ ಧರ್ಮ.

ಬಾಲಕ ಶಾ ನವಾಜರ ವಿದ್ಯಾಭ್ಯಾಸ ಡೆಹ್ರಾಡೂನಿನ ರಾಯಲ್ ಇಂಡಿಯನ್ ಮಿಲಿಟರಿ ಕಾಲೇಜಿನಲ್ಲಿ ನಡೆಯಿತು. ಅಲ್ಲಿ ಶಿಸ್ತು, ಕುದುರೆ ಸವಾರಿ, ಇಂಗ್ಲಿಷ್ ಭಾಷೆ, ಯುದ್ಧಕಲೆ ಎಲ್ಲವನ್ನೂ ಕಲಿಸಿದರು. ಆದರೆ ತಮ್ಮ ದೇಶ ಏಕೆ ಪರಾಧೀನವಾಗಿದೆ ಎಂಬುದನ್ನು ಯಾರೂ ಕಲಿಸಲಿಲ್ಲ. ತಾವು ಭಾರತವನ್ನು ಒಬ್ಬ ಯುವ ಆಂಗ್ಲ ಅಧಿಕಾರಿಯ ಕಣ್ಣಿನಿಂದಲೇ ನೋಡುತ್ತ ಬೆಳೆದುದಾಗಿಯೂ, ರಾಜಕೀಯವಾಗಿ ತಮಗೆ ಏನೇನೂ ತಿಳಿದಿರಲಿಲ್ಲವೆಂದೂ ಮುಂದೆ ನ್ಯಾಯಾಲಯದ ಮುಂದೆ ಅವರು ಸ್ಪಷ್ಟವಾಗಿ ಹೇಳಿದರು. ವಿದ್ಯೆ ಇದ್ದೂ ಅರಿವು ಇಲ್ಲದ ಸ್ಥಿತಿ ಎಂದರೆ ಇದೇ ಅಲ್ಲವೇ? ಈ ಮಾತನ್ನು ವಿದ್ಯಾರ್ಥಿಗಳು ಗಮನದಲ್ಲಿಡಬೇಕು. ಏಕೆಂದರೆ ಶಾ ನವಾಜರ ಮುಂದಿನ ಬದುಕೆಲ್ಲ ಈ ಕೊರತೆಯನ್ನು ತುಂಬಿಕೊಳ್ಳುವ ಹೋರಾಟವೇ ಆಗಿತ್ತು.

ಸಿಂಗಾಪುರದ ಪತನ

ಶಿಕ್ಷಣ ಮುಗಿಸಿದ ಶಾ ನವಾಜ್ 14ನೇ ಪಂಜಾಬ್ ರೆಜಿಮೆಂಟಿನಲ್ಲಿ ಅಧಿಕಾರಿಯಾದರು. 1941ರ ಡಿಸೆಂಬರ್ 8ರಂದು ಜಪಾನಿ ಸೇನೆ ಮಲಯಾದ ಕೋಟಾ ಭಾರು ತೀರದಲ್ಲಿ ಇಳಿಯಿತು. ಬ್ರಿಟಿಷರ ಕಡೆ ಟ್ಯಾಂಕುಗಳಿರಲಿಲ್ಲ, ಸಾಕಷ್ಟು ವಿಮಾನಗಳೂ ಇರಲಿಲ್ಲ. ಜಪಾನಿಗಳು ಟ್ಯಾಂಕುಗಳೊಡನೆ ನುಗ್ಗಿದರು, ಸೈಕಲ್ಲುಗಳ ಮೇಲೆ ರಬ್ಬರ್ ತೋಟಗಳ ನಡುವೆ ಸಾಗಿ ಹಿಂದಿನಿಂದ ಮುತ್ತಿದರು. ಶಾ ನವಾಜರ ಪಲ್ಟಣವಾದ 14ನೇ ಪಂಜಾಬ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಜಿತ್ರಾ ಕಾಳಗದಲ್ಲಿಯೇ ಛಿದ್ರವಾಯಿತು. ಶಾ ನವಾಜ್ ಸಿಂಗಾಪುರಕ್ಕೆ ಬಂದು ಇಳಿದದ್ದು 1942ರ ಜನವರಿ ಕೊನೆಯಲ್ಲಿ. ಆ ವೇಳೆಗೆ ಮಲಯಾ ಕೈತಪ್ಪಿ ಹೋಗಿತ್ತು.

ಫೆಬ್ರವರಿ 8ರ ರಾತ್ರಿ ಜಪಾನಿಗಳು ಕಡಲ ಕಾಲುವೆ ದಾಟಿ ಸಿಂಗಾಪುರಕ್ಕೆ ನುಗ್ಗಿದರು. ಒಂದೇ ವಾರದಲ್ಲಿ, ಫೆಬ್ರವರಿ 15ರಂದು, ಬ್ರಿಟಿಷ್ ಸೇನಾಪತಿ ಪರ್ಸಿವಲ್ ಜಪಾನಿ ಸೇನಾಪತಿ ಯಮಾಶಿಟಾನಿಗೆ ಶರಣಾದರು. ತಮಗಿಂತ ಚಿಕ್ಕದಾದ ಸೈನ್ಯಕ್ಕೆ ಬ್ರಿಟಿಷರು ಶರಣಾದ ಈ ಘಟನೆ ಇಡೀ ಏಷ್ಯಾವನ್ನು ಬೆರಗುಗೊಳಿಸಿತು. ಸೂರ್ಯ ಮುಳುಗದ ಸಾಮ್ರಾಜ್ಯ ಎಂಬ ಹೆಮ್ಮೆ ಅಂದು ಮಣ್ಣುಪಾಲಾಯಿತು. ತನ್ನ ಸೈನಿಕರಿಗೆ ಸರಿಯಾಗಿ ಹೋರಾಡುವ ಅವಕಾಶವೇ ಸಿಗಲಿಲ್ಲ ಎಂಬ ಕೊರಗು ಶಾ ನವಾಜರನ್ನು ಬಹುಕಾಲ ಕಾಡಿತು.

ಎರಡು ದಿನಗಳ ನಂತರ, ಫೆಬ್ರವರಿ 17ರಂದು, ಫೆರರ್ ಪಾರ್ಕ್ ಮೈದಾನದಲ್ಲಿ ಸುಮಾರು 45 ಸಾವಿರ ಭಾರತೀಯ ಯುದ್ಧಕೈದಿಗಳನ್ನು ಒಟ್ಟುಗೂಡಿಸಲಾಯಿತು. ಆಂಗ್ಲ ಅಧಿಕಾರಿಗಳನ್ನು ಮೊದಲೇ ಬೇರ್ಪಡಿಸಲಾಗಿತ್ತು. ಬ್ರಿಟಿಷರ ಪರವಾಗಿ ಕರ್ನಲ್ ಹಂಟ್ ಭಾರತೀಯ ಸೈನಿಕರನ್ನು ಜಪಾನಿ ಮೇಜರ್ ಫುಜಿವಾರಾ ಅವರಿಗೆ ಒಪ್ಪಿಸಿದರು. ಫುಜಿವಾರಾ ಅವರನ್ನು ಕ್ಯಾಪ್ಟನ್ ಮೋಹನ್ ಸಿಂಗ್ ಅವರ ವಶಕ್ಕೆ ನೀಡಿದರು. ಸಂತೆಯಲ್ಲಿ ದನಗಳ ಹಗ್ಗ ಕೈಬದಲಾಯಿಸುವಂತೆ ಮನುಷ್ಯರು ಕೈಬದಲಾದರು. ತಲೆಮಾರುಗಳಿಂದ ಪ್ರಾಣ ಕೊಟ್ಟು ದುಡಿದವರಿಗೆ ಸಾಮ್ರಾಜ್ಯ ಕೊಟ್ಟ ಪ್ರತಿಫಲ ಇದಾಗಿತ್ತು.

ಇಷ್ಟಾದರೂ ಶಾ ನವಾಜ್ ಕೂಡಲೇ ಆಜಾದ್ ಹಿಂದ್ ಫೌಜಿಗೆ ಸೇರಲಿಲ್ಲ. ಆರಂಭದಲ್ಲಿ ಅವರು ಅದನ್ನು ವಿರೋಧಿಸಿದವರ ಸಾಲಿನಲ್ಲಿದ್ದರು. ಜಪಾನಿಗಳ ಉದ್ದೇಶದ ಬಗ್ಗೆ ಅವರಿಗೆ ಬಲವಾದ ಸಂಶಯವಿತ್ತು. ನೀಸೂನ್ ಶಿಬಿರದ ಹೊಣೆ ಅವರ ಮೇಲಿತ್ತು. ತಾನು ದೂರ ಉಳಿದರೆ ತನ್ನನ್ನು ನಂಬಿದ ಜವಾನರ ಗತಿಯೇನು ಎಂಬ ಚಿಂತೆ ಅವರನ್ನು ಆವರಿಸಿತು. ಒಳಗಿದ್ದರೆ ಒಲ್ಲದವರ ಮೇಲೆ ಬಲಾತ್ಕಾರ ನಡೆಯದಂತೆ ನೋಡಿಕೊಳ್ಳಬಹುದು, ಜಪಾನಿಗಳು ಈ ಸೈನ್ಯವನ್ನು ತಮ್ಮ ಲಾಭಕ್ಕೆ ಬಳಸದಂತೆ ತಡೆಯಬಹುದು ಎಂದು ಯೋಚಿಸಿ 1942ರ ಮಧ್ಯಭಾಗದಲ್ಲಿ ಅವರು ಸೇರಿದರು. ನಮ್ಮ ಧರ್ಮವು ಅಮಾನತ್ ಎಂದು ಯಾವುದನ್ನು ಕರೆಯುತ್ತದೆಯೋ, ಆ ಹೊಣೆಗಾರಿಕೆಯೇ ಅವರನ್ನು ಮೊದಲು ನಡೆಸಿತು.

ನೇತಾಜಿಯ ಆಗಮನ

1943ರ ಜುಲೈ 2ರಂದು ನೇತಾಜಿ ಸುಭಾಷ್ ಚಂದ್ರ ಬೋಸ್ ಸಿಂಗಾಪುರಕ್ಕೆ ಬಂದರು. ಅವರ ಭಾಷಣಗಳನ್ನು ಕೇಳಿದ ಶಾ ನವಾಜರಿಗೆ ತಮ್ಮ ದೇಶವನ್ನು ಮೊದಲ ಬಾರಿಗೆ ಒಬ್ಬ ಭಾರತೀಯನ ಕಣ್ಣಿನಿಂದ ಕಂಡಂತಾಯಿತು. ಒಂದು ಕಡೆ ಅರಸನಿಗೆ ಮಾಡಿದ ಪ್ರಮಾಣ, ಇನ್ನೊಂದು ಕಡೆ ತಾಯ್ನೆಲದ ಬಿಡುಗಡೆ. ಕೊನೆಗೆ ಅವರು ದೇಶವನ್ನು ಆರಿಸಿಕೊಂಡರು. ಮನೆಯವರು, ಬಂಧುಗಳು, ಆಸ್ತಿ ಎಲ್ಲವೂ ಬ್ರಿಟಿಷರ ಆಡಳಿತದಲ್ಲೇ ಇದೆ ಎಂಬುದು ತಿಳಿದೂ ಕೈಗೊಂಡ ತೀರ್ಮಾನ ಅದು. 1943ರ ಅಕ್ಟೋಬರ್ 21ರಂದು ಸ್ಥಾಪನೆಯಾದ ಆಜಾದ್ ಹಿಂದ್ ಸರ್ಕಾರದಲ್ಲಿ ಅವರೂ ಸೇರಿದ್ದರು.

ಈ ಫೌಜಿನಲ್ಲಿ ಶಾ ನವಾಜ್ ಒಬ್ಬರೇ ಮುಸ್ಲಿಮರಲ್ಲ. ಹೈದರಾಬಾದಿನ ಆಬಿದ್ ಹಸನ್ ಸಫ್ರಾನಿ ನೇತಾಜಿಯವರೊಂದಿಗೆ ಯುರೋಪಿನಿಂದ ಜಲಾಂತರ್ಗಾಮಿಯಲ್ಲಿ ಪ್ರಯಾಣ ಮಾಡಿದವರು. ಕೇರಳದ ವಕ್ಕಂ ಅಬ್ದುಲ್ ಖಾದರ್ 1943ರ ಸೆಪ್ಟೆಂಬರ್ 10ರಂದು ಮದರಾಸಿನ ಸೆರೆಮನೆಯಲ್ಲಿ ಗಲ್ಲಿಗೇರಿದರು. ಮಣಿಪುರದ ಮೊಯಿರಾಂಗಿನಲ್ಲಿ 1944ರ ಏಪ್ರಿಲ್ 14ರಂದು ತ್ರಿವರ್ಣ ಧ್ವಜ ಹಾರಿಸಿದವರು ಕರ್ನಲ್ ಶೌಕತ್ ಮಲಿಕ್. ಹಿಂದೂ, ಮುಸ್ಲಿಂ, ಸಿಖ್ ಎಂಬ ಭೇದವಿಲ್ಲದೆ ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತಿದ್ದ ಸೈನ್ಯ ಅದು. ಬ್ರಿಟಿಷ್ ಸೈನ್ಯದಲ್ಲಿ ಧರ್ಮ, ಜಾತಿಗಳ ಪ್ರಕಾರ ಅಡುಗೆಮನೆಗಳೇ ಬೇರೆಯಾಗಿದ್ದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ಚಿನ್ ಗುಡ್ಡಗಳಲ್ಲಿ

ಸುಮಾರು 3 ಸಾವಿರ ಸೈನಿಕರ ಸುಭಾಷ್ ಬ್ರಿಗೇಡಿಗೆ ಶಾ ನವಾಜ್ ಮುಖ್ಯಸ್ಥರಾದರು. ಭಾರತೀಯರನ್ನು ಪ್ರಚಾರಕ್ಕೂ ಬೇಹುಗಾರಿಕೆಗೂ ಮಾತ್ರ ಬಳಸಿಕೊಳ್ಳಬೇಕೆಂಬುದು ಜಪಾನಿ ಸೇನಾಧಿಕಾರಿಗಳ ಇಚ್ಛೆಯಾಗಿತ್ತು. ಭಾರತದ ನೆಲದಲ್ಲಿ ಮೊದಲು ಬೀಳುವ ರಕ್ತ ಭಾರತೀಯನದೇ ಆಗಬೇಕೆಂದು ನೇತಾಜಿ ಪಟ್ಟು ಹಿಡಿದರು. ಹೀಗಾಗಿ 1944ರ ಫೆಬ್ರವರಿಯಲ್ಲಿ ಈ ಬ್ರಿಗೇಡ್ ರಂಗೂನಿನಿಂದ ರಣರಂಗಕ್ಕೆ ಹೊರಟಿತು. ಒಂದು ಬೆಟಾಲಿಯನ್ ಅರಕಾನಿನ ಕಲಾದಾನ್ ಕಣಿವೆಗೂ, ಉಳಿದೆರಡು ಶಾ ನವಾಜರೊಂದಿಗೆ ಹಾಕಾ ಮತ್ತು ಫಲಾಮ್ ಎಂಬ ಚಿನ್ ಗುಡ್ಡಗಳ ಪ್ರದೇಶಕ್ಕೂ ಹೋದವು.

ಅಲ್ಲಿ ಶತ್ರುವಿಗಿಂತ ಹಸಿವು ಮತ್ತು ಮಲೇರಿಯಾ ಹೆಚ್ಚು ಕ್ರೂರವಾಗಿದ್ದವು. ಸೊಳ್ಳೆಪರದೆ ಇಲ್ಲ, ಸಾಕಷ್ಟು ಕಂಬಳಿ ಇಲ್ಲ, ಔಷಧಿ ಇಲ್ಲ. ಅಕ್ಕಿ, ಉಪ್ಪುಗಳನ್ನು ಸೈನಿಕರೇ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಬೇಕಾಗಿತ್ತು. ಹೋರಾಡಲು ಬಂದವರಿಗೆ ಜಪಾನಿಗಳು ರಸ್ತೆ ರಿಪೇರಿಯ ಕೆಲಸ ಹಚ್ಚಿದಾಗ ಶಾ ನವಾಜ್ ಪ್ರತಿಭಟಿಸಿದರು. ಬ್ರಿಟಿಷರ ಆಳಾಗುವುದನ್ನು ಬಿಟ್ಟು ಬಂದದ್ದು ಜಪಾನಿಗಳ ಆಳಾಗುವುದಕ್ಕಲ್ಲ ಎಂಬುದರಲ್ಲಿ ಅವರಿಗೆ ಯಾವ ಗೊಂದಲವೂ ಇರಲಿಲ್ಲ. ಇದೇ ಗುಡ್ಡಗಳಲ್ಲಿ ಎದುರು ಪಾಳೆಯದಲ್ಲಿ ಅವರ ಸಮೀಪದ ಬಂಧುವೊಬ್ಬರು ಬ್ರಿಟಿಷರ ಪರ ಕಾದಾಡುತ್ತಿದ್ದರು. ಒಂದೇ ಮನೆತನದ ಇಬ್ಬರು ಪರಸ್ಪರರ ಮೇಲೆ ಗುಂಡು ಹಾರಿಸುವ ದುರಂತ ಪರಾಧೀನ ದೇಶಕ್ಕೆ ಮಾತ್ರ ಬರುತ್ತದೆ.

ಇತ್ತ ಇಂಫಾಲ ಮತ್ತು ಕೊಹಿಮಾಗಳಲ್ಲಿ ಘೋರ ಯುದ್ಧ ನಡೆದಿತ್ತು. ಜಪಾನಿ ಸೇನಾಪತಿ ಮುತಾಗುಚಿ ಕೆಲವೇ ವಾರಗಳ ಆಹಾರದೊಡನೆ ಸುಮಾರು 85 ಸಾವಿರ ಸೈನಿಕರನ್ನು ಮಣಿಪುರಕ್ಕೆ ನುಗ್ಗಿಸಿದ್ದ. ಬ್ರಿಟಿಷ್ ಸೇನಾಪತಿ ಸ್ಲಿಮ್ ಅವರ 14ನೇ ಸೇನೆಗೆ ವಿಮಾನಗಳಿಂದ ಆಹಾರ, ಮದ್ದುಗುಂಡು ಬಂದು ಬೀಳುತ್ತಿದ್ದವು. ಶಾ ನವಾಜರ ದಳಕ್ಕೆ ಕೊಹಿಮಾದ ಕಡೆ ಹೋಗಲು ಅಪ್ಪಣೆಯಾದಾಗ ಯುದ್ಧದ ಗಾಳಿ ತಿರುಗಿಯಾಗಿತ್ತು. ಮಳೆಗಾಲ ಸುರಿಯತೊಡಗಿತು. ಜುಲೈನಲ್ಲಿ ಜಪಾನಿಗಳು ಹಿಂದೆ ಸರಿದರು. ಈ ದಂಡಯಾತ್ರೆಯಲ್ಲಿ ಸತ್ತ ಮತ್ತು ಗಾಯಗೊಂಡ ಜಪಾನಿಗಳೇ 50 ಸಾವಿರಕ್ಕೂ ಹೆಚ್ಚು. ಚಿಂದ್ವಿನ್ ನದಿಯ ದಾರಿಯುದ್ದಕ್ಕೂ ಕೆಸರಿನಲ್ಲಿ ಹಸಿವಿನಿಂದ, ಜ್ವರದಿಂದ ಭಾರತೀಯ ಸೈನಿಕರೂ ಪ್ರಾಣ ಬಿಟ್ಟರು.

1945ರಲ್ಲಿ ಶಾ ನವಾಜ್ ಎರಡನೇ ಡಿವಿಜನ್ನಿನ ನಾಯಕರಾಗಿ ಬರ್ಮಾದ ಪೋಪಾ ಬೆಟ್ಟದ ಬಳಿ ಮತ್ತೆ ಹೋರಾಡಿದರು. ಸೋಲು ಖಚಿತವಾಗಿದ್ದ ದಿನಗಳವು. ಕೆಲವು ಅಧಿಕಾರಿಗಳೇ ಶತ್ರುಪಕ್ಷಕ್ಕೆ ಓಡಿಹೋದರು. ಶಾ ನವಾಜ್ ತಮ್ಮ ಜನರನ್ನು ಬಿಡಲಿಲ್ಲ. ಮೇ ತಿಂಗಳಲ್ಲಿ ಪೆಗು ಬಳಿ ಅವರು ಬ್ರಿಟಿಷರ ಸೆರೆಯಾದರು.

ಕೆಂಪುಕೋಟೆಯ ವಿಚಾರಣೆ

1945ರ ನವೆಂಬರ್ 5ರಂದು ದೆಹಲಿಯ ಕೆಂಪುಕೋಟೆಯಲ್ಲಿ ಶಾ ನವಾಜ್ ಖಾನ್, ಪ್ರೇಮ್ ಕುಮಾರ್ ಸಹಗಲ್ ಮತ್ತು ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರ ಸೈನಿಕ ವಿಚಾರಣೆ ಆರಂಭವಾಯಿತು. ಒಬ್ಬ ಮುಸ್ಲಿಂ, ಒಬ್ಬ ಹಿಂದೂ, ಒಬ್ಬ ಸಿಖ್. ಮೂವರನ್ನೂ ಒಂದೇ ಕಟಕಟೆಯಲ್ಲಿ ನಿಲ್ಲಿಸಿ ಬ್ರಿಟಿಷರು ತಮಗರಿವಿಲ್ಲದೆಯೇ ದೇಶವನ್ನು ಒಂದುಗೂಡಿಸಿದರು. ಭೂಲಾಭಾಯಿ ದೇಸಾಯಿಯವರು ಅನಾರೋಗ್ಯವನ್ನೂ ಲೆಕ್ಕಿಸದೆ ವಾದ ಮಂಡಿಸಿದರು. ಜವಾಹರಲಾಲ್ ನೆಹರೂ ವರ್ಷಗಳ ನಂತರ ವಕೀಲರ ಕರಿಯ ಕೋಟು ತೊಟ್ಟರು. ಒಡನಾಡಿಗಳಿಂದ ಬೇರೆಯಾದರೆ ಶಾ ನವಾಜರ ಪರ ವಾದಿಸಲು ಮುಸ್ಲಿಂ ಲೀಗ್ ಸಿದ್ಧವಿತ್ತು. ಅವರು ಅದಕ್ಕೆ ಒಪ್ಪಲಿಲ್ಲ. ರಣರಂಗದಲ್ಲಿ ಹೆಗಲಿಗೆ ಹೆಗಲು ಕೊಟ್ಟವರನ್ನು ಕಟಕಟೆಯಲ್ಲಿ ಬಿಟ್ಟುಹೋಗುವುದು ಅವರ ಸ್ವಭಾವವಾಗಿರಲಿಲ್ಲ.

ಅರಸನ ವಿರುದ್ಧ ಯುದ್ಧ ಹೂಡಿದ ಆರೋಪ ಮೂವರ ಮೇಲೂ ಸಾಬೀತಾಯಿತು ಎಂದು ನ್ಯಾಯಾಲಯ ಹೇಳಿತು. ಫೌಜಿನಿಂದ ತಪ್ಪಿಸಿಕೊಂಡು ಹೋಗಲು ಯತ್ನಿಸಿದ ಒಬ್ಬ ಸೈನಿಕನ ಮರಣದಂಡನೆಗೆ ಕುಮ್ಮಕ್ಕು ಕೊಟ್ಟ ಆರೋಪದಲ್ಲೂ ಶಾ ನವಾಜರನ್ನು ತಪ್ಪಿತಸ್ಥರೆಂದು ಎಣಿಸಿತು. ಯುದ್ಧವೆಂಬುದು ಯಾವ ಪಕ್ಷದಲ್ಲಿದ್ದವರನ್ನೂ ಕಳಂಕವಿಲ್ಲದೆ ಬಿಡುವುದಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಜೀವಾವಧಿ ಗಡೀಪಾರಿನ ಶಿಕ್ಷೆ ವಿಧಿಸಲಾಯಿತು. ಆದರೆ ದೇಶಾದ್ಯಂತ ಎದ್ದ ಜನಾಕ್ರೋಶವನ್ನು ಕಂಡ ಪ್ರಧಾನ ದಂಡನಾಯಕ ಆಕಿನ್‌ಲೆಕ್ ಆ ಶಿಕ್ಷೆಯನ್ನು ರದ್ದುಪಡಿಸಿದರು. 1946ರ ಜನವರಿ 3ರಂದು ಮೂವರೂ ಬಿಡುಗಡೆಯಾದರು. ಮರುತಿಂಗಳು ಮುಂಬಯಿಯಲ್ಲಿ ನೌಕಾದಳದ ಬಂಡಾಯ ಸ್ಫೋಟಿಸಿತು. ಭಾರತೀಯ ಸೈನಿಕನ ನಿಷ್ಠೆಯ ಮೇಲೆ ಇನ್ನು ಸಾಮ್ರಾಜ್ಯ ನಿಲ್ಲದು ಎಂಬುದು ಬ್ರಿಟಿಷರಿಗೆ ಮನದಟ್ಟಾಯಿತು.

ಮತ್ತೊಂದು ಆಯ್ಕೆ

1947ರಲ್ಲಿ ಗಲಭೆಪೀಡಿತ ಬಿಹಾರದಲ್ಲಿ ಗಾಂಧೀಜಿಯವರೊಂದಿಗೆ ಶಾ ನವಾಜ್ ಸಂತ್ರಸ್ತರ ಸೇವೆ ಮಾಡಿದರು. ದೇಶ ವಿಭಜನೆಯಾದಾಗ ಅವರ ಹುಟ್ಟೂರು ಪಾಕಿಸ್ತಾನಕ್ಕೆ ಸೇರಿತು. ಅಲ್ಲಿ ಜಮೀನಿತ್ತು, ಬಂಧುಗಳಿದ್ದರು, ಪೂರ್ವಜರ ಗೋರಿಗಳಿದ್ದವು. ಆದರೂ ಅವರು ಭಾರತವನ್ನೇ ಆರಿಸಿಕೊಂಡರು. ಉತ್ತರ ಪ್ರದೇಶದ ಮೀರತ್ ಕ್ಷೇತ್ರದ ಜನ ಅವರನ್ನು ನಾಲ್ಕು ಬಾರಿ ಲೋಕಸಭೆಗೆ ಆರಿಸಿದರು. ರೈಲ್ವೆ, ಕೃಷಿ ಮೊದಲಾದ ಖಾತೆಗಳಲ್ಲಿ ಅವರು ಸೇವೆ ಸಲ್ಲಿಸಿದರು. ನೇತಾಜಿಯವರ ಸಾವಿನ ಬಗ್ಗೆ ತನಿಖೆ ನಡೆಸಿದ 1956ರ ಸಮಿತಿಗೆ ಅವರೇ ಅಧ್ಯಕ್ಷರು. ತೈಪೆಯ ವಿಮಾನ ದುರಂತದಲ್ಲಿ ನೇತಾಜಿ ನಿಧನರಾದರೆಂಬ ಬಹುಮತದ ತೀರ್ಮಾನಕ್ಕೆ ಸಮಿತಿಯ ಸದಸ್ಯರೂ ನೇತಾಜಿಯ ಅಣ್ಣನೂ ಆದ ಸುರೇಶ್ ಚಂದ್ರ ಬೋಸ್ ಒಪ್ಪಲಿಲ್ಲ. ಆ ವಿವಾದ ಮುಂದೆಯೂ ಮುಂದುವರಿಯಿತು.

1965ರ ಭಾರತ-ಪಾಕಿಸ್ತಾನ ಯುದ್ಧದ ವೇಳೆ ಅವರಿಗೆ ಇನ್ನೊಂದು ಪರೀಕ್ಷೆ ಎದುರಾಯಿತು. ಅವರ ಮಗನೊಬ್ಬ ಪಾಕಿಸ್ತಾನದ ಸೇನೆಯಲ್ಲಿದ್ದ. ಸುದ್ದಿ ಹರಡಿದೊಡನೆ ಕೆಲವರು ಅವರ ರಾಜೀನಾಮೆ ಕೇಳಿದರು. ದೇಶಕ್ಕಾಗಿ ಗಲ್ಲಿನ ನೆರಳಲ್ಲಿ ನಿಂತಿದ್ದ ಮನುಷ್ಯನ ನಿಷ್ಠೆಯನ್ನೇ ಶಂಕಿಸಲಾಯಿತು. ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಯವರು ಮಾತ್ರ ಆ ಒತ್ತಾಯಕ್ಕೆ ಮಣಿಯಲಿಲ್ಲ.

1983ರ ಡಿಸೆಂಬರ್‌ನಲ್ಲಿ ಶಾ ನವಾಜ್ ಖಾನ್ ಇಹಲೋಕ ತ್ಯಜಿಸಿದರು. ದೆಹಲಿಯ ಜಾಮಾ ಮಸೀದಿಯ ಸಮೀಪ ಅವರ ಸಮಾಧಿಯಿದೆ. ಅವರನ್ನು ವಿಚಾರಣೆಗೆ ಗುರಿಪಡಿಸಿದ ಕೆಂಪುಕೋಟೆ ಅಲ್ಲಿಂದ ಕೂಗಳತೆಯ ದೂರ.

ನಮಗೇನು ಪಾಠ?

ವಿದ್ಯಾರ್ಥಿ ಮಿತ್ರರೇ, ಶಾ ನವಾಜರಿಗೆ ಒಳ್ಳೆಯ ಶಾಲೆಯಿತ್ತು, ಒಳ್ಳೆಯ ತರಬೇತಿಯಿತ್ತು, ಒಳ್ಳೆಯ ನೌಕರಿಯೂ ಇತ್ತು. ಆದರೆ ತನ್ನ ವಿದ್ಯೆ ಯಾರಿಗಾಗಿ ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿದ್ದು ಮೂವತ್ತರ ಹೊಸ್ತಿಲಲ್ಲಿ, ಸೆರೆಶಿಬಿರದ ಬೇಲಿಯೊಳಗೆ. ಇಂದು ನಮ್ಮ ಮಕ್ಕಳು ಡಾಕ್ಟರ್, ಇಂಜಿನಿಯರ್, ಅಧಿಕಾರಿಗಳಾಗಬೇಕೆಂದು ಬಯಸುವುದು ಸರಿಯೇ. ಅದರ ಜೊತೆಗೆ ಈ ನಾಡಿನ ಚರಿತ್ರೆಯನ್ನೂ, ಅದರಲ್ಲಿ ನಮ್ಮ ಹಿರಿಯರು ಸುರಿಸಿದ ರಕ್ತ ಬೆವರುಗಳನ್ನೂ ಅವರು ಅರಿಯಬೇಕು. ಆ ಅರಿವಿದ್ದವನು ಸಂಶಯದ ಮಾತುಗಳಿಗೆ ಕುಗ್ಗುವುದಿಲ್ಲ, ಹೊಗಳಿಕೆಗೆ ಹಿಗ್ಗುವುದೂ ಇಲ್ಲ. ತನ್ನನ್ನು ನಂಬಿದವರ ಅಮಾನತನ್ನು ಕಾಯುತ್ತ ತನ್ನ ಕೆಲಸ ಮಾಡುತ್ತಾನೆ. ಅಲ್ಲಾಹನು ಮರ್‌ಹೂಂ ಶಾ ನವಾಜ್ ಖಾನ್ ಅವರಿಗೆ ಮಗ್‌ಫಿರತ್ ನೀಡಲಿ, ಅಂತಹ ಹೊಣೆಯರಿತ ಪೀಳಿಗೆಯನ್ನು ನಮ್ಮ ವಿದ್ಯಾಲಯಗಳಿಂದ ಹೊರತರಲಿ. ಆಮೀನ್.