ವಿಕ್ಟರ್ ಹಾರ್ಸ್ಲಿ

ಸರ್ ವಿಕ್ಟರ್ ಅಲೆಕ್ಸಾಂಡರ್ ಹೇಡನ್ ಹಾರ್ಸ್ಲಿ (14 ಏಪ್ರಿಲ್ 1857 – 16 ಜುಲೈ 1916) ಬ್ರಿಟನ್ನಿನ ಶಸ್ತ್ರವೈದ್ಯರು ಹಾಗೂ ಶರೀರಕ್ರಿಯಾ ವಿಜ್ಞಾನಿ. ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆಯನ್ನು ಮೊದಲು ನರಪರೀಕ್ಷೆಯಿಂದ ಗುರುತಿಸಿ, ಅನಂತರ ಶಸ್ತ್ರಚಿಕಿತ್ಸೆಯಿಂದ ಯಶಸ್ವಿಯಾಗಿ ತೆಗೆದವರಲ್ಲಿ ಇವರೇ ಮೊದಲಿಗರು. ಮಿದುಳು, ಬೆನ್ನುಹುರಿ ಮತ್ತು ಕುತ್ತಿಗೆಯ ಮೂಳೆಗಳ ಶಸ್ತ್ರಚಿಕಿತ್ಸೆಯನ್ನು ಪ್ರತ್ಯೇಕ ಶಾಖೆಯಾಗಿ ರೂಪಿಸಿದವರಲ್ಲಿ ಇವರು ಪ್ರಮುಖರು.

ಜನನ ಮತ್ತು ಶಿಕ್ಷಣ

ಹಾರ್ಸ್ಲಿ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಜನಿಸಿದರು. ತಂದೆ ಜಾನ್ ಕಾಲ್ಕಾಟ್ ಹಾರ್ಸ್ಲಿ ಹೆಸರಾಂತ ಚಿತ್ರಕಾರರು. 1843ರಲ್ಲಿ ಮೊತ್ತಮೊದಲ ಮುದ್ರಿತ ಕ್ರಿಸ್ಮಸ್ ಶುಭಾಶಯ ಪತ್ರದ ಚಿತ್ರವನ್ನು ಬರೆದವರು ಇವರೇ. ವಿಕ್ಟರ್ ಹುಟ್ಟಿದ ದಿನವೇ ವಿಕ್ಟೋರಿಯಾ ರಾಣಿಯ ಕಿರಿಯ ಮಗಳು ಬಿಯಾಟ್ರಿಸ್ ಕೂಡ ಹುಟ್ಟಿದಳು. ಕೆಂಟ್ ಪ್ರಾಂತದ ಕ್ರ್ಯಾನ್‌ಬ್ರೂಕ್ ಶಾಲೆಯಲ್ಲಿ ಓದಿದ ಬಳಿಕ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಶಾಸ್ತ್ರ ಕಲಿತರು. ಅರಿವಳಿಕೆಯು ಮಿದುಳಿನ ಮೇಲೆ ಬೀರುವ ಪರಿಣಾಮವನ್ನು ತಿಳಿಯಲು ತಮ್ಮ ಮೇಲೆಯೇ ಹಲವು ಬಾರಿ ಪ್ರಯೋಗ ಮಾಡಿಕೊಂಡರು.

ವೃತ್ತಿಜೀವನ

1884ರಲ್ಲಿ ಲಂಡನ್ನಿನ ಬ್ರೌನ್ ಸಂಸ್ಥೆಯ ಮುಖ್ಯಸ್ಥರಾದ ಹಾರ್ಸ್ಲಿ ಅಲ್ಲಿ ಪ್ರಾಣಿಗಳ ಮೇಲೆ ಪ್ರಯೋಗಗಳನ್ನು ನಡೆಸಿದರು. ಕೋತಿಗಳ ಥೈರಾಯ್ಡ್ ಗ್ರಂಥಿಯನ್ನು ತೆಗೆದಾಗ ಮಿಕ್ಸೆಡೀಮಾ ಕಾಯಿಲೆಯನ್ನು ಹೋಲುವ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ ಎಂದು ತೋರಿಸಿದರು. ಇವರ ಶಿಷ್ಯ ಜಾರ್ಜ್ ಮರ್ರೆ 1891ರಲ್ಲಿ ಕುರಿಯ ಥೈರಾಯ್ಡ್ ಸಾರದಿಂದ ಆ ಕಾಯಿಲೆಗೆ ಚಿಕಿತ್ಸೆ ನೀಡಿದರು. ಪಾಶ್ಚರರ ಹುಚ್ಚುನಾಯಿ ರೋಗದ ಲಸಿಕೆಯನ್ನು ಪರಿಶೀಲಿಸಲು ಬ್ರಿಟಿಷ್ ಸರ್ಕಾರ 1886ರಲ್ಲಿ ನೇಮಿಸಿದ ಸಮಿತಿಗೆ ಇವರು ಕಾರ್ಯದರ್ಶಿಯಾಗಿದ್ದರು. ಪ್ರಾಣಿಪ್ರಯೋಗದ ವಿರೋಧಿಗಳು ಇವರನ್ನು ಜೀವನದುದ್ದಕ್ಕೂ ಟೀಕಿಸಿದರು. ಹಾರ್ಸ್ಲಿಯೂ ಅಷ್ಟೇ ಕಟುವಾಗಿ ಉತ್ತರಿಸುತ್ತಿದ್ದರು.

1886ರಲ್ಲಿ ಕ್ವೀನ್ ಸ್ಕ್ವೇರ್‌ನ ಪಾರ್ಶ್ವವಾಯು ಮತ್ತು ಅಪಸ್ಮಾರ ರೋಗಿಗಳ ರಾಷ್ಟ್ರೀಯ ಆಸ್ಪತ್ರೆಗೆ ಶಸ್ತ್ರವೈದ್ಯರಾಗಿ ನೇಮಕಗೊಂಡರು. ಅದೇ ವರ್ಷದ ಮೇ 25ರಂದು, ಬಾಲ್ಯದ ತಲೆಪೆಟ್ಟಿನಿಂದ ಅಪಸ್ಮಾರಕ್ಕೆ ತುತ್ತಾಗಿದ್ದ 22 ವರ್ಷದ ಯುವಕನ ಮಿದುಳಿನ ಮೇಲಿದ್ದ ಗಾಯದ ಕಲೆಯನ್ನು ತೆಗೆದರು. ನರವಿಜ್ಞಾನಿಗಳಾದ ಹ್ಯೂಲಿಂಗ್ಸ್ ಜಾಕ್ಸನ್ ಮತ್ತು ಡೇವಿಡ್ ಫೆರಿಯರ್ ಆಗ ಹಾಜರಿದ್ದರು.

ಬೆನ್ನುಹುರಿಯ ಶಸ್ತ್ರಚಿಕಿತ್ಸೆ

ಹಾರ್ಸ್ಲಿಯವರ ಹೆಸರನ್ನು ಉಳಿಸಿರುವುದು ಮುಖ್ಯವಾಗಿ 1887ರ ಜೂನ್ 9ರ ಶಸ್ತ್ರಕ್ರಿಯೆ. ರೋಗಿ 42 ವರ್ಷದ ನಿವೃತ್ತ ಸೇನಾಧಿಕಾರಿ. ಸುಮಾರು ಮೂರು ವರ್ಷಗಳಿಂದ ಎಡ ಭುಜದೆಲುಬಿನ ಕೆಳಗೆ ತೀವ್ರ ನೋವಿತ್ತು. ಕ್ರಮೇಣ ಕಾಲುಗಳು ಸ್ವಾಧೀನ ತಪ್ಪಿದವು. ಹಲವು ವೈದ್ಯರು ನೋವನ್ನು ನರದೌರ್ಬಲ್ಯ ಮೊದಲಾದ ಹೆಸರುಗಳಿಂದ ಕರೆದಿದ್ದರು. ಕೊನೆಗೆ ಪರೀಕ್ಷಿಸಿದ ವಿಲಿಯಂ ಗೋವರ್ಸ್, ಗಡ್ಡೆಯೊಂದು ಬೆನ್ನುಹುರಿಯನ್ನು ಹೊರಗಿನಿಂದ ಅದುಮುತ್ತಿದೆ ಎಂದು ನಿರ್ಣಯಿಸಿ ಹಾರ್ಸ್ಲಿಯವರನ್ನು ಕರೆಸಿದರು.

ಕ್ಷ-ಕಿರಣಗಳು ಪತ್ತೆಯಾಗಲು ಇನ್ನೂ ಎಂಟು ವರ್ಷಗಳಿದ್ದವು. ಚರ್ಮದ ಯಾವ ಭಾಗದಲ್ಲಿ ಸ್ಪರ್ಶಜ್ಞಾನ ಇಲ್ಲ, ನೋವು ಯಾವ ಪಕ್ಕೆಲುಬಿನ ಗುಂಟ ಹರಿಯುತ್ತದೆ ಎಂಬುದಷ್ಟೇ ಗಡ್ಡೆಯ ಜಾಗವನ್ನು ತಿಳಿಸಬೇಕಿತ್ತು. ಇದರಲ್ಲಿ ಒಂದು ತೊಡಕಿದೆ: ಬೆನ್ನುಹುರಿಯು ಬೆನ್ನುಮೂಳೆಗಿಂತ ಗಿಡ್ಡವಾದುದರಿಂದ ಅದರ ಖಂಡಗಳು ಅದೇ ಸಂಖ್ಯೆಯ ಕಶೇರುಕಗಳಿಗಿಂತ ಮೇಲಿರುತ್ತವೆ. ಲೆಕ್ಕ ಸ್ವಲ್ಪ ತಪ್ಪಿದರೂ ಗಾಯ ತೆರೆಯುವುದು ಕೆಳಗಿನ ಜಾಗದಲ್ಲಿ. ಆಗಿದ್ದೂ ಹಾಗೆಯೇ. ಕಶೇರುಕಗಳ ಹಿಂಬದಿಯ ಕಮಾನುಗಳನ್ನು ತೆಗೆದು ನೋಡಿದಾಗ ಗಡ್ಡೆ ಕಾಣಲಿಲ್ಲ. ಅಲ್ಲಿಗೇ ನಿಲ್ಲಿಸಿದ್ದರೆ ರೋಗನಿರ್ಣಯವೇ ತಪ್ಪೆಂದು ದಾಖಲಾಗುತ್ತಿತ್ತು. ಸಹಾಯಕರಾಗಿದ್ದ ಚಾರ್ಲ್ಸ್ ಬ್ಯಾಲನ್ಸ್ ಇನ್ನೂ ಮೇಲಕ್ಕೆ ಹೋಗುವಂತೆ ಒತ್ತಾಯಿಸಿದರು. ಮೇಲಿನ ಕಮಾನನ್ನು ತೆಗೆದಾಗ ಬಾದಾಮಿ ಬೀಜದ ಆಕಾರದ ಗಡ್ಡೆ ಸಿಕ್ಕಿತು. ಒಂದು ವರ್ಷದೊಳಗೆ ರೋಗಿ ನಡೆದಾಡುತ್ತ, ದಿನವಿಡೀ ಕೆಲಸ ಮಾಡುವಷ್ಟು ಚೇತರಿಸಿಕೊಂಡನು. ಗೋವರ್ಸ್ ಮತ್ತು ಹಾರ್ಸ್ಲಿ 1888ರಲ್ಲಿ ಪ್ರಕಟಿಸಿದ ವರದಿಯು ಬೆನ್ನುಹುರಿಯ ಗಡ್ಡೆಯೆಂದರೆ ಸಾವೇ ಎಂಬ ನಂಬಿಕೆಯನ್ನು ಅಲುಗಾಡಿಸಿತು. ಈ ಯಶಸ್ಸನ್ನು ಹಾರ್ಸ್ಲಿಯೊಬ್ಬರದೇ ಎಂದು ಹೇಳುವ ವಾಡಿಕೆಯಿದ್ದರೂ ಗೋವರ್ಸ್ ಮತ್ತು ಬ್ಯಾಲನ್ಸರ ಪಾಲು ಕಡಿಮೆಯದಲ್ಲ.

1892ರಲ್ಲಿ ಕುತ್ತಿಗೆಯ 6ನೆಯ ಕಶೇರುಕದ ಕಮಾನನ್ನು ತೆಗೆದು, ಅಲ್ಲಿ ಬೆನ್ನುಹುರಿಯ ಮೇಲಿದ್ದ ಒತ್ತಡವನ್ನು ನಿವಾರಿಸಿದರು. ಪೆಟ್ಟಿನ ನಂತರ ಕೈಕಾಲುಗಳ ಬಲ ಕುಂದುತ್ತಿದ್ದ ಯುವಕನೊಬ್ಬ ಇದರಿಂದ ಗುಣವಾದನು. ಕುತ್ತಿಗೆಯ ಬೆನ್ನುಹುರಿಯ ಒತ್ತಡ ನಿವಾರಣೆಯ ಇತಿಹಾಸವನ್ನು ಸಾಮಾನ್ಯವಾಗಿ ಈ ಪ್ರಕರಣದಿಂದಲೇ ಆರಂಭಿಸಲಾಗುತ್ತದೆ. ಕತ್ತರಿಸಿದ ಮೂಳೆಯಿಂದ ಒಸರುವ ರಕ್ತವನ್ನು ತಡೆಯಲು ಜೇನುಮೇಣ, ಬಾದಾಮಿ ಎಣ್ಣೆ ಮತ್ತು ಸ್ಯಾಲಿಸಿಲಿಕ್ ಆಮ್ಲವನ್ನು ಬೆರೆಸಿದ ಮೇಣವನ್ನು ಅದೇ ವರ್ಷ ವಿವರಿಸಿದರು. ಮೂಳೆಮೇಣವು ಇಂದಿಗೂ ಬಳಕೆಯಲ್ಲಿದೆ.

ಸಂಶೋಧನೆ

ಭಾವನಾದ ಫ್ರಾನ್ಸಿಸ್ ಗಾಚ್‌ರೊಂದಿಗೆ ನರಮಂಡಲದ ವಿದ್ಯುತ್ ಚಟುವಟಿಕೆಯನ್ನು ಅಳೆದು, 1891ರಲ್ಲಿ ರಾಯಲ್ ಸೊಸೈಟಿಯ ಕ್ರೂನಿಯನ್ ಉಪನ್ಯಾಸದಲ್ಲಿ ಮಂಡಿಸಿದರು. ರಾಬರ್ಟ್ ಕ್ಲಾರ್ಕ್ ಅವರೊಂದಿಗೆ 1908ರಲ್ಲಿ ವಿವರಿಸಿದ ಉಪಕರಣವು ಪ್ರಾಣಿಯ ಮಿದುಳಿನೊಳಗಿನ ಬಿಂದುವನ್ನು ಮೂರು ಅಕ್ಷಗಳ ಅಳತೆಯಿಂದ ತಲುಪಲು ನೆರವಾಯಿತು. ಇಂದಿನ ಸ್ಟೀರಿಯೋಟ್ಯಾಕ್ಟಿಕ್ ಶಸ್ತ್ರಚಿಕಿತ್ಸೆಗೆ ಅದೇ ಮೂಲ. 1902ರಲ್ಲಿ ಇವರಿಗೆ ಸರ್ ಪದವಿ ದೊರೆಯಿತು.

ಸಾರ್ವಜನಿಕ ಜೀವನ

ಹಾರ್ಸ್ಲಿ ಮದ್ಯಪಾನದ ಉಗ್ರ ವಿರೋಧಿ. ಮೇರಿ ಸ್ಟರ್ಜ್ ಅವರೊಂದಿಗೆ ಮದ್ಯ ಮತ್ತು ಮಾನವ ಶರೀರದ ಕುರಿತ ಪುಸ್ತಕವನ್ನು 1907ರಲ್ಲಿ ಪ್ರಕಟಿಸಿದರು. ಮಹಿಳೆಯರ ಮತದಾನದ ಹಕ್ಕನ್ನು ಬಹಿರಂಗವಾಗಿ ಬೆಂಬಲಿಸಿದರು. ಸಂಸತ್ತಿಗೆ ಹೋಗುವ ಇವರ ಪ್ರಯತ್ನಗಳು ಫಲಿಸದಿರಲು ಈ ನಿಲುವೂ ಒಂದು ಕಾರಣ. 1887ರಲ್ಲಿ ಎಲ್ಡ್ರೆಡ್ ಬ್ರಾಮ್‌ವೆಲ್ ಅವರನ್ನು ವಿವಾಹವಾದರು. ದಂಪತಿಗಳಿಗೆ ಮೂವರು ಮಕ್ಕಳು.

ಯುದ್ಧಸೇವೆ ಮತ್ತು ನಿಧನ

ಮೊದಲ ಮಹಾಯುದ್ಧದಲ್ಲಿ, ಐವತ್ತೇಳು ದಾಟಿದ್ದ ಹಾರ್ಸ್ಲಿ ಸೇನಾ ವೈದ್ಯಸೇವೆಗೆ ಸೇರಿ ಈಜಿಪ್ಟಿನಲ್ಲಿ ಕೆಲಸ ಮಾಡಿದರು. 1916ರಲ್ಲಿ ತಾವಾಗಿಯೇ ಮೆಸೊಪೊಟೇಮಿಯಾಕ್ಕೆ ತೆರಳಿದರು. ಅಲ್ಲಿನ ದಂಡಯಾತ್ರೆಯ ಹೊಣೆಯನ್ನು ಮೊದಲಿಗೆ ಹೊತ್ತಿದ್ದುದು ಬ್ರಿಟಿಷ್ ಭಾರತದ ಸರ್ಕಾರ. ಸೈನಿಕರಲ್ಲಿ ಭಾರತೀಯರ ಸಂಖ್ಯೆ ದೊಡ್ಡದಾಗಿತ್ತು. ಗಾಯಾಳುಗಳಿಗೆ ಔಷಧ, ಹಾಸಿಗೆ, ನದಿ ಸಾಗಣೆಯ ದೋಣಿಗಳು ಯಾವುವೂ ಸಾಲುತ್ತಿರಲಿಲ್ಲ. ಹಾರ್ಸ್ಲಿ ಈ ಅವ್ಯವಸ್ಥೆಯನ್ನು ಖಂಡಿಸಿ ಪತ್ರಗಳನ್ನು ಬರೆದರು. ಅದೇ ಬೇಸಿಗೆಯಲ್ಲಿ ಟೈಗ್ರಿಸ್ ದಡದ ಅಮಾರಾದಲ್ಲಿ ತೀವ್ರ ಶಾಖಾಘಾತಕ್ಕೆ ತುತ್ತಾಗಿ ಜುಲೈ 16ರಂದು ನಿಧನರಾದರು. ಅಮಾರಾ ಯುದ್ಧ ಸ್ಮಶಾನದಲ್ಲಿ ಇವರ ಸಮಾಧಿಯಿದೆ. ಮಣ್ಣಿನ ಲವಣದಿಂದ ಕಲ್ಲುಗಳು ಶಿಥಿಲವಾಗುತ್ತಿದ್ದುದರಿಂದ 1933ರಲ್ಲಿ ಅಲ್ಲಿನ ಸಮಾಧಿಶಿಲೆಗಳನ್ನೆಲ್ಲ ತೆಗೆದು, ಹೆಸರುಗಳನ್ನು ಗೋಡೆಯೊಂದರ ಮೇಲೆ ಕೆತ್ತಲಾಯಿತು.