ಕಾಣದ ಮೀನಿನ ಲೆಕ್ಕ ಹಾಕಿದ ಷೇಫರ್

ಮಕ್ಕಳೇ, ಕೊಟ್ಟಿಗೆಯಲ್ಲಿರುವ ದನಗಳನ್ನು ನೀವು ಎಣಿಸಬಲ್ಲಿರಿ. ಆದರೆ ಸಮುದ್ರದ ಮೀನುಗಳನ್ನು ಎಣಿಸುವುದು ಹೇಗೆ? ಅದರಲ್ಲೂ ಹಗಲಿರುಳು ಈಜುತ್ತಲೇ ಇರುವ ಟ್ಯೂನಾ ಮೀನುಗಳನ್ನು? ಈ ಕಷ್ಟದ ಲೆಕ್ಕಕ್ಕೆ ಒಂದು ದಾರಿ ತೋರಿಸಿದವರು ಅಮೆರಿಕದ ವಿಜ್ಞಾನಿ ಮಿಲ್ನರ್ ಷೇಫರ್.

ಷೇಫರ್ ಹುಟ್ಟಿದ್ದು 1912ರಲ್ಲಿ, ಕಡಲಿನಿಂದ ಬಹುದೂರದ ವ್ಯೋಮಿಂಗ್ ರಾಜ್ಯದಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓದಿ, ಮೊದಲು ಸಾಲ್ಮನ್ ಮೀನುಗಳ ಅಧ್ಯಯನದಲ್ಲಿ ತೊಡಗಿದರು.

1949ರಲ್ಲಿ ಅಮೆರಿಕ ಮತ್ತು ಕೋಸ್ಟರಿಕ ದೇಶಗಳು ಒಂದು ಒಪ್ಪಂದ ಮಾಡಿಕೊಂಡವು. ಪೂರ್ವ ಪೆಸಿಫಿಕ್ ಸಾಗರದ ಟ್ಯೂನಾ ಮೀನುಗಳ ಬಗ್ಗೆ ಸಂಶೋಧನೆ ನಡೆಸಲು ಒಂದು ಆಯೋಗ ರಚನೆಯಾಯಿತು. ಅದರ ಮೊದಲ ಸಂಶೋಧನಾ ನಿರ್ದೇಶಕರೇ ಷೇಫರ್.

ಅವರ ತಂಡ ದೋಣಿಗಳ ದಿನಚರಿ ಪುಸ್ತಕಗಳನ್ನು ಸಂಗ್ರಹಿಸಿತು. ಯಾವ ದೋಣಿ, ಎಲ್ಲಿ, ಎಷ್ಟು ದಿನ ಬಲೆ ಅಥವಾ ಗಾಳ ಹಾಕಿತು? ಎಷ್ಟು ಮೀನು ಸಿಕ್ಕಿತು? ಒಂದು ದಿನದ ದುಡಿಮೆಗೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ, ಕಡಲಿನಲ್ಲಿ ಮೀನು ಕಡಿಮೆಯಾಗುತ್ತಿದೆ ಎಂದು ಊಹಿಸಬಹುದಲ್ಲವೇ?

ಇನ್ನು ಅವರ ಮುಖ್ಯ ವಿಚಾರ. ನಿಮ್ಮೂರ ಕೆರೆಯನ್ನೇ ನೆನೆಯಿರಿ. ಕೆರೆಯ ತುಂಬ ಮೀನಿದ್ದರೆ ಎಲ್ಲಕ್ಕೂ ಆಹಾರ ಸಾಲದು, ಹೊಸ ಮೀನುಗಳು ಹೆಚ್ಚು ಬೆಳೆಯವು. ತೀರಾ ಕೆಲವೇ ಉಳಿದಿದ್ದರೆ ಮೊಟ್ಟೆ ಇಡುವ ಮೀನುಗಳೇ ಕಡಿಮೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ಮೀನಿನ ಬೆಳವಣಿಗೆ ಅತಿ ಹೆಚ್ಚು. ಪ್ರತಿವರ್ಷ ಹೊಸದಾಗಿ ಬೆಳೆದಷ್ಟನ್ನೇ ಹಿಡಿದರೆ ಮೂಲ ಸಂಪತ್ತು ಕರಗುವುದಿಲ್ಲ. ಇದನ್ನು ಷೇಫರ್ 1954ರಲ್ಲಿ ಗಣಿತದ ಸಮೀಕರಣವಾಗಿ ಬರೆದರು. 1957ರಲ್ಲಿ ಹಳದಿ ಈಜುರೆಕ್ಕೆಯ ಟ್ಯೂನಾಕ್ಕೆ ಅದನ್ನು ಅನ್ವಯಿಸಿದರು.

ಆ ಹೊತ್ತಿಗೆ ದೋಣಿಗಳು ಗಾಳ ಬಿಟ್ಟು, ಇಡೀ ಮೀನಿನ ಹಿಂಡನ್ನೇ ಸುತ್ತುವರಿಯುವ ದೊಡ್ಡ ನೈಲಾನ್ ಬಲೆಗಳಿಗೆ ಬದಲಾಗತೊಡಗಿದ್ದವು. 1960ರ ದಶಕದ ಆರಂಭದಲ್ಲಿ ಆಯೋಗದ ವಿಜ್ಞಾನಿಗಳು ಮೀನು ಹಿಡಿಯುವುದಕ್ಕೆ ಮಿತಿ ಬೇಕೆಂದು ಎಚ್ಚರಿಸಿದರು. ಆದರೆ ಕಡಲು ಒಂದೇ ದೇಶದ್ದಲ್ಲವಲ್ಲ! ಒಬ್ಬರು ನಿಲ್ಲಿಸಿದರೆ ಇನ್ನೊಬ್ಬರು ಹಿಡಿಯುತ್ತಾರೆ. ಹೀಗಾಗಿ ಎಲ್ಲರ ಒಪ್ಪಿಗೆಗೆ ಕಾಯಬೇಕಾಯಿತು. ಕೊನೆಗೆ 1966ರಲ್ಲಿ ಮಿತಿ ಜಾರಿಗೆ ಬಂತು. ಅಷ್ಟರಲ್ಲಿ ಷೇಫರ್ ಆಯೋಗವನ್ನು ಬಿಟ್ಟು ಕ್ಯಾಲಿಫೋರ್ನಿಯದ ಸಾಗರ ಸಂಪನ್ಮೂಲ ಸಂಸ್ಥೆಯ ಮುಖ್ಯಸ್ಥರಾಗಿದ್ದರು. 1970ರಲ್ಲಿ, 57ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಸಮೀಕರಣ ತೀರಾ ಸರಳ ಎಂದು ನಂತರದ ವಿಜ್ಞಾನಿಗಳು ಕಂಡುಕೊಂಡರು. ಸಮುದ್ರದ ನೀರು ಬಿಸಿಯಾದರೆ ಮೀನುಗಳು ಬೇರೆಡೆ ಸರಿಯುತ್ತವೆ. ಮರಿಗಳ ಸಂಖ್ಯೆಯೂ ಪ್ರತಿವರ್ಷ ಒಂದೇ ಆಗಿರದು. ಆದ್ದರಿಂದ ಲೆಕ್ಕದ ತುತ್ತತುದಿಯವರೆಗೆ ಹಿಡಿಯದೆ, ಸ್ವಲ್ಪ ಮೀನನ್ನು ಕಡಲಿನಲ್ಲೇ ಬಿಡಬೇಕೆಂದು ಈಗ ಸಲಹೆ ನೀಡುತ್ತಾರೆ.