ಅಲೆಕ್ಸಾಂಡರ್ ಹಂಬೋಲ್ಟ್

ಸಮುದ್ರಮಟ್ಟದಿಂದ ಎತ್ತರ, ಹಿಮರೇಖೆ, ಸಮೋಷ್ಣ ರೇಖೆ, ಸಾಗರ ಪ್ರವಾಹ ಮೊದಲಾದ ಪದಗಳನ್ನು ಭೂಗೋಳದ ವಿದ್ಯಾರ್ಥಿಗಳು ಪರೀಕ್ಷೆಗೆಂದು ಕಂಠಪಾಠ ಮಾಡುವುದುಂಟು. ಈ ಪದಗಳ ಹಿಂದೆ ಬೆಟ್ಟ ಹತ್ತಿದ ಕಾಲುಗಳೂ ಚಳಿಗೆ ಮರಗಟ್ಟಿದ ಕೈಗಳೂ ಇವೆಯೆಂಬುದು ವ್ಯಾಖ್ಯೆಗಳಿಂದ ತಿಳಿಯುವಂತಿಲ್ಲ. ಇವುಗಳಲ್ಲಿ ಕೆಲವಕ್ಕೆ ಖಚಿತವಾದ ಅರ್ಥವನ್ನು ತಂದುಕೊಟ್ಟವರಲ್ಲಿ ಹಂಬೋಲ್ಟನು ಪ್ರಮುಖನು.

ಅಲೆಕ್ಸಾಂಡರ್ ಫಾನ್ ಹಂಬೋಲ್ಟನು 1769ನೆಯ ಇಸವಿಯ ಸೆಪ್ಟೆಂಬರ್ 14ರಂದು ಬರ್ಲಿನ್ ನಗರದಲ್ಲಿ ಜನಿಸಿದನು. ಒಂಬತ್ತನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಮಗನು ಸರ್ಕಾರಿ ಅಧಿಕಾರಿಯಾಗಬೇಕೆಂಬುದು ತಾಯಿಯ ಹಟ. ಮಗನಿಗೋ ಗಿಡಗಳು, ಕೀಟಗಳು, ಕಲ್ಲುಗಳು ಇವುಗಳದೇ ಧ್ಯಾನ. ತಾಯಿಯ ಇಚ್ಛೆಯನ್ನು ಮೀರದೆ ಆತನು ಗಣಿಶಾಸ್ತ್ರವನ್ನು ಓದಿ ಗಣಿಗಳ ಅಧಿಕಾರಿಯಾದನು. ಗಣಿ ಕೆಲಸಗಾರರಿಗಾಗಿ ತನ್ನ ಸ್ವಂತ ಹಣದಿಂದ ಶಾಲೆಯೊಂದನ್ನೂ ತೆರೆದನು. 1796ರಲ್ಲಿ ತಾಯಿಯು ತೀರಿಕೊಂಡಳು. ಪಿತ್ರಾರ್ಜಿತದ ದೊಡ್ಡ ಸಂಪತ್ತು ಕೈಗೆ ಬಂದಿತು. ಆತನು ನೌಕರಿಯನ್ನು ಬಿಟ್ಟು ಆ ಹಣದಿಂದ ವಾಯುಭಾರ ಮಾಪಕ, ಉಷ್ಣತಾ ಮಾಪಕ, ದೂರದರ್ಶಕಗಳೇ ಮೊದಲಾದ ಉಪಕರಣಗಳನ್ನು ಕೊಂಡನು.

ಸ್ಪೇನಿನ ಅರಸನಿಂದ ಅಪ್ಪಣೆ ಪಡೆದು, ಬೊನ್‌ಪ್ಲಾನ್ ಎಂಬ ಫ್ರೆಂಚ್ ಸಸ್ಯಶಾಸ್ತ್ರಜ್ಞನೊಡನೆ 1799ರ ಜೂನ್‌ನಲ್ಲಿ ಆತನು ದಕ್ಷಿಣ ಅಮೆರಿಕಕ್ಕೆ ಹಡಗನ್ನೇರಿದನು. ಅಲ್ಲಿನ ವಲೆನ್ಸಿಯಾ ಸರೋವರವು ವರ್ಷದಿಂದ ವರ್ಷಕ್ಕೆ ಬತ್ತುತ್ತಿತ್ತು. ನೀರು ಯಾವುದೋ ಸುರಂಗದಲ್ಲಿ ಇಳಿದುಹೋಗುತ್ತಿದೆಯೆಂದು ಕೆಲವರು ನಂಬಿದ್ದರು. ಹಂಬೋಲ್ಟನು ಸುತ್ತಲಿನ ಬೋಳು ಗುಡ್ಡಗಳನ್ನು ನೋಡಿ, ಕಾಡನ್ನು ಕಡಿದುದೇ ಇದಕ್ಕೆ ಮುಖ್ಯ ಕಾರಣವೆಂದು ತೋರಿಸಿದನು. 1800ರಷ್ಟು ಹಿಂದೆಯೇ ಈ ಮಾತನ್ನು ಆಡಿದ್ದು ಅಚ್ಚರಿಯ ಸಂಗತಿ. ಮುಂದೆ ಸೊಳ್ಳೆಗಳ ಹಿಂಡಿನ ನಡುವೆ ಒರಿನೊಕೊ ನದಿಯಲ್ಲಿ ದೋಣಿ ನಡೆಸಿ, ಕಸಿಕಿಯಾರೆ ಎಂಬ ಸಹಜ ಕಾಲುವೆಯು ಒರಿನೊಕೊವನ್ನು ಅಮೆಜಾನಿನ ಉಪನದಿಯೊಂದಕ್ಕೆ ಜೋಡಿಸುತ್ತದೆಂಬುದನ್ನು ಖಚಿತಪಡಿಸಿದನು.

1802ರ ಜೂನ್ 23ರಂದು ಆಂಡೀಸ್ ಪರ್ವತಗಳ ಚಿಂಬೊರಾಸೊ ಶಿಖರವನ್ನು ಆತನು ಏರತೊಡಗಿದನು. ಜಗತ್ತಿನಲ್ಲಿ ಅದಕ್ಕಿಂತ ಎತ್ತರವಾದ ಪರ್ವತವಿಲ್ಲವೆಂಬುದು ಆಗಿನ ನಂಬಿಕೆ. ಕೂಲಿಯಾಳುಗಳು ಹಿಮದ ಅಂಚಿನಿಂದಲೇ ಹಿಂದಿರುಗಿದರು. ಉಳಿದ ಕೆಲವರು ಕತ್ತಿಯ ಅಲಗಿನಂತಹ ಏಣಿನ ಮೇಲೆ ಕೈಯೂರಿಕೊಂಡು ಮುಂದುವರಿದರು. ತಲೆ ಸುತ್ತಿತು, ತುಟಿಗಳಿಂದಲೂ ಒಸಡುಗಳಿಂದಲೂ ರಕ್ತ ಒಸರಿತು. ಆದರೂ ಹಂಬೋಲ್ಟನು ಅಲ್ಲಲ್ಲಿ ನಿಂತು ವಾಯುಭಾರ ಮಾಪಕವನ್ನು ಹೊರತೆಗೆಯುತ್ತಿದ್ದನು. ಮೇಲೇರಿದಂತೆ ಗಾಳಿಯ ಒತ್ತಡ ತಗ್ಗುತ್ತದೆ, ಕೊಳವೆಯಲ್ಲಿನ ಪಾದರಸ ಇಳಿಯುತ್ತದೆ. ಆ ಇಳಿತದಿಂದ ಸಮುದ್ರಮಟ್ಟಕ್ಕಿಂತ ಎಷ್ಟು ಎತ್ತರದಲ್ಲಿದ್ದೇವೆಂದು ಲೆಕ್ಕಹಾಕಬಹುದು. ಕೊನೆಗೆ ದಾಟಲಾಗದ ಕಂದಕವೊಂದು ಅಡ್ಡವಾಯಿತು. ಆತನ ಲೆಕ್ಕದಂತೆ ಅದು ಸುಮಾರು 5,880 ಮೀಟರ್ ಎತ್ತರದ ಸ್ಥಳ. ಶಿಖರವು ಕೈಗೆಟುಕಲಿಲ್ಲ. ಆದರೆ ತಪ್ಪಲಿನ ತಾಳೆಯಿಂದ ಹಿಮದಂಚಿನ ಹಾವಸೆಯವರೆಗೆ ಯಾವ ಎತ್ತರದಲ್ಲಿ ಯಾವ ಸಸ್ಯ ಬೆಳೆಯುತ್ತದೆಂಬುದನ್ನು ಒಂದೇ ಪರ್ವತದ ಚಿತ್ರದಲ್ಲಿ ತೋರಿಸಲು ಆತನಿಗೆ ಸಾಧ್ಯವಾಯಿತು.

ಅದೇ ವರ್ಷ ಪೆರು ದೇಶದ ಕರಾವಳಿಯಲ್ಲಿ ಹರಿಯುವ ತಣ್ಣನೆಯ ಸಾಗರ ಪ್ರವಾಹದ ಉಷ್ಣತೆಯನ್ನು ಆತನು ಅಳೆದನು. ಮುಂದೆ ಅದಕ್ಕೆ ಹಂಬೋಲ್ಟ್ ಪ್ರವಾಹವೆಂದೇ ಹೆಸರಾಯಿತು. ಅಲ್ಲಿನ ಬೆಸ್ತರು ಮೊದಲಿನಿಂದಲೂ ಬಲ್ಲ ಪ್ರವಾಹಕ್ಕೆ ತನ್ನ ಹೆಸರನ್ನಿಡುವುದು ಸರಿಯಲ್ಲವೆಂದು ಆತನು ಆಕ್ಷೇಪಿಸಿದರೂ ಹೆಸರು ಉಳಿದುಕೊಂಡಿತು.

1804ರಲ್ಲಿ ಯೂರೋಪಿಗೆ ಮರಳಿದಾಗ ಸುಮಾರು 6,000 ಜಾತಿಯ ಸಸ್ಯಗಳು ಆ ಇಬ್ಬರ ಸಂಗ್ರಹದಲ್ಲಿದ್ದವು. ಅವುಗಳ ವಿವರಗಳನ್ನು ಅಚ್ಚುಮಾಡಿಸುವುದರಲ್ಲಿಯೇ ಹಂಬೋಲ್ಟನ ಸಂಪತ್ತು ಕರಗಿತು. ಆದರೆ ಆತನ ಶ್ರೇಷ್ಠ ಕಾಣಿಕೆಯು 1817ರಲ್ಲಿ ಪ್ರಕಟವಾದ ಒಂದು ಸಣ್ಣ ನಕ್ಷೆ. ಲಂಡನ್ ನಗರವೂ ಕೆನಡಾದ ಲ್ಯಾಬ್ರಡಾರ್ ತೀರದ ಒಂದು ಭಾಗವೂ ಹೆಚ್ಚುಕಡಮೆ ಒಂದೇ ಅಕ್ಷಾಂಶದಲ್ಲಿವೆ. ಸೂರ್ಯನ ಕಿರಣಗಳು ಎರಡೂ ಕಡೆ ಒಂದೇ ಓರೆಯಲ್ಲಿ ಬೀಳುತ್ತವೆ. ಆದರೂ ಚಳಿಗಾಲದಲ್ಲಿ ಲ್ಯಾಬ್ರಡಾರಿನ ಕಡಲು ಹೆಪ್ಪುಗಟ್ಟುತ್ತದೆ, ಲಂಡನ್ನಿನಲ್ಲಿ ಚಳಿಯು ಅಷ್ಟು ಕಠಿಣವಲ್ಲ. ಹೀಗೇಕೆ? ಅಂಕಿಗಳ ಉದ್ದನೆಯ ಪಟ್ಟಿಗಳು ಇದನ್ನು ಕಣ್ಣಿಗೆ ಕಾಣಿಸುತ್ತಿರಲಿಲ್ಲ. ವರ್ಷದ ಸರಾಸರಿ ಉಷ್ಣತೆ ಸಮನಾಗಿರುವ ಊರುಗಳನ್ನು ಹಂಬೋಲ್ಟನು ಗೆರೆಯಿಂದ ಕೂಡಿಸಿದನು. ಆ ಗೆರೆಗಳು ಅಕ್ಷಾಂಶಗಳಂತೆ ನೇರವಾಗಿ ಸಾಗದೆ ಯೂರೋಪಿನ ಪಶ್ಚಿಮ ತೀರದಲ್ಲಿ ಉತ್ತರಕ್ಕೆ ಬಾಗಿದವು, ಭೂಖಂಡಗಳ ಒಳನಾಡಿನಲ್ಲಿ ದಕ್ಷಿಣಕ್ಕೆ ಇಳಿದವು. ಸಮುದ್ರ, ಗಾಳಿ, ಪ್ರವಾಹ, ಎತ್ತರ ಇವೆಲ್ಲವೂ ಸೇರಿ ಒಂದು ಸ್ಥಳದ ಹವಾಗುಣವನ್ನು ರೂಪಿಸುತ್ತವೆಂಬುದು ಆ ಬಾಗುಗಳಲ್ಲಿ ಸ್ಪಷ್ಟವಾಯಿತು. ಇವೇ ಸಮೋಷ್ಣ ರೇಖೆಗಳು. ಇಂಗ್ಲೆಂಡಿನ ಹ್ಯಾಲಿಯು ಕಾಂತಸೂಚಿಯ ಓರೆಯನ್ನು ತೋರಿಸಲು ಇಂತಹ ಗೆರೆಗಳನ್ನು ಮೊದಲೇ ಎಳೆದಿದ್ದನು. ಉಷ್ಣತೆಗೆ ಆ ಉಪಾಯವನ್ನು ಅನ್ವಯಿಸಿದ ಕೀರ್ತಿ ಹಂಬೋಲ್ಟನದು.

ಈ ನಡುವೆ ಭಾರತದ ಮೋಜಣಿದಾರರು ಚಿಂಬೊರಾಸೊವನ್ನು ಮೀರಿಸುವ ಶಿಖರಗಳು ಹಿಮಾಲಯದಲ್ಲಿವೆಯೆಂದು ವರದಿ ಮಾಡಿದರು. ಹಿಮರೇಖೆಯೆಂದರೆ ಬೇಸಿಗೆಯಲ್ಲಿಯೂ ಹಿಮ ಕರಗದ ಎತ್ತರದ ಕೆಳಗಿನ ಅಂಚು. ಬಿಸಿಲು ಕಡಮೆ ಬೀಳುವ ಉತ್ತರದ ಇಳಿಜಾರಿನಲ್ಲಿ ಅದು ತಗ್ಗಿನಲ್ಲಿರಬೇಕು. ಹಿಮಾಲಯದಲ್ಲಿಯಾದರೋ ಉತ್ತರದಲ್ಲಿಯೇ ಅದು ಹೆಚ್ಚು ಎತ್ತರದಲ್ಲಿತ್ತು! ದಕ್ಷಿಣದ ಕಡೆ ಮೋಡಗಳು ಧಾರಾಳವಾಗಿ ಹಿಮ ಸುರಿಸುತ್ತವೆ, ಉತ್ತರದ ಗಾಳಿ ಒಣಗಿದುದು, ಅಲ್ಲದೆ ಟಿಬೆಟ್ಟಿನ ವಿಶಾಲ ಪ್ರಸ್ಥಭೂಮಿಯು ಬಿಸಿಲಿಗೆ ಕಾಯುತ್ತದೆಂದು ಹಂಬೋಲ್ಟನು ವಿವರಿಸಿದನು. ಅದನ್ನು ಕಣ್ಣಾರೆ ಕಾಣಬೇಕೆಂಬುದು ಆತನ ಹಂಬಲ. ಪರ್ಷಿಯನ್ ಭಾಷೆಯನ್ನು ಕಲಿಯತೊಡಗಿದನು. ಪ್ರಷ್ಯದ ಅರಸನು ಹಣ ನೀಡಲು ಒಪ್ಪಿದನು. ಅನುಮತಿಗಾಗಿ ಹಲವು ಸಲ ಲಂಡನ್ನಿಗೆ ಹೋದನು. ಈಸ್ಟ್ ಇಂಡಿಯಾ ಕಂಪನಿಯು ಅದನ್ನು ಕೊಡಲೇ ಇಲ್ಲ. ಅಮೆರಿಕದಲ್ಲಿ ಸ್ಪೇನಿನ ಆಡಳಿತವನ್ನೂ ಗುಲಾಮಗಿರಿಯನ್ನೂ ಖಂಡಿಸಿ ಬರೆದವನನ್ನು ಕಂಪನಿಯು ಶಂಕಿಸಿರಬೇಕೆಂದು ಚರಿತ್ರಕಾರರು ಊಹಿಸುತ್ತಾರೆ.

1829ರಲ್ಲಿ, ಅರುವತ್ತರ ಹೊಸ್ತಿಲಿನಲ್ಲಿ, ಆತನು ರಷ್ಯದ ಆಲ್ಟಾಯ್ ಪರ್ವತಗಳವರೆಗೆ ಸಾಗಿ ಮರಳಿದನು. ಎಪ್ಪತ್ತೈದು ದಾಟಿದ ಮೇಲೆ, 1845ರಲ್ಲಿ, ಸಮಸ್ತ ಪ್ರಕೃತಿಯನ್ನು ವರ್ಣಿಸುವ ‘ಕಾಸ್ಮೋಸ್’ ಗ್ರಂಥದ ಮೊದಲ ಸಂಪುಟವನ್ನು ಹೊರತಂದನು.

1854ರಲ್ಲಿ ಒಂದು ವಿಚಿತ್ರ ನಡೆಯಿತು. ಆತನಿಗೆ ಅನುಮತಿ ಕೊಡದ ಕಂಪನಿಯೇ, ಆತನ ಶಿಫಾರಸಿನ ಮೇಲೆ, ಶ್ಲಾಗಿನ್‌ಟ್ವೈಟ್ ಮನೆತನದ ಮೂವರು ಜರ್ಮನ್ ಸೋದರರನ್ನು ಭಾರತಕ್ಕೆ ಕರೆಸಿಕೊಂಡಿತು. ಮರುವರ್ಷವೇ ಅವರಲ್ಲಿ ಇಬ್ಬರು ಹಿಮಾಲಯದ ಕಾಮೆಟ್ ಪರ್ವತದ ಬಳಿ ಸುಮಾರು 6,785 ಮೀಟರ್ ಎತ್ತರವನ್ನು ಮುಟ್ಟಿದರು. ಅವರಲ್ಲೊಬ್ಬನಾದ ಅಡಾಲ್ಫನು 1857ರಲ್ಲಿ ಕಾಷ್ಗರದಲ್ಲಿ ಕೊಲೆಯಾದನು. ಉಳಿದಿಬ್ಬರು ಸ್ವದೇಶಕ್ಕೆ ಹಿಂದಿರುಗಿದರು. ಹಂಬೋಲ್ಟನು ಬರ್ಲಿನ್ನಿನಲ್ಲಿ ‘ಕಾಸ್ಮೋಸ್’ನ ಐದನೆಯ ಸಂಪುಟವನ್ನು ಬರೆಯುತ್ತಿದ್ದನು. ಅದು ಮುಗಿಯುವ ಮೊದಲೇ, 1859ರ ಮೇ 6ರಂದು, ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡನು.